ಹಿಂದಿನ ಚಕ್ರದ ಮಾತು ಕೇಳಿ: ಪವರ್ ಜಾಸ್ತಿ ಇರುವ ರಿಯರ್ ವೀಲ್ ಡ್ರೈವ್ ಕಾರನ್ನು ಹಿಮದಲ್ಲಿ ಓಡಿಸುವುದು

ಮುನ್ನೂರು, ನಾನೂರು ಕುದುರೆಶಕ್ತಿ. ಅದೆಲ್ಲಾ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದರ ಕೆಳಗೆ ಹಿಮ. ಇಂಥ ಕಾರು ಇಟ್ಟುಕೊಂಡವರಿಗೆ ಚಳಿಗಾಲ ಬಂತೆಂದರೆ ಸಿಗುವ ಸಲಹೆ ಒಂದೇ: ಅದನ್ನು ಒಳಗೆ ನಿಲ್ಲಿಸಿ ಬೇರೆ ಕಾರು ನೋಡಿಕೊಳ್ಳಿ. ನಾನು ಒಪ್ಪುವುದಿಲ್ಲ. ಇಂಥದೇ ಕಾರಿನಲ್ಲಿ ಎಷ್ಟೋ ಚಳಿಗಾಲ ಕಳೆದಿದ್ದೇನೆ. ಕಷ್ಟ ಇದೆ, ಆದರೆ ಅದು ಕಲಿತರೆ ಬರುವಂಥ ವಿದ್ಯೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲಾ ಅದರ ಸುತ್ತಲೇ ಇದೆ. ಈ ಕಾರಿನ ಹಿಂದಿನ ಚಕ್ರ ನಿಮಗೆ ರಸ್ತೆಯ ಸುದ್ದಿ ಹೇಳುತ್ತಲೇ ಇರುತ್ತದೆ. ಹೊರಡುವಾಗ ಸ್ವಲ್ಪ ಜಾರಿತು ಅಂದರೆ ರಸ್ತೆ ಕೆಟ್ಟಿದೆ ಎಂದು ಮೊದಲ ಹತ್ತು ಮೀಟರಿನಲ್ಲೇ ಗೊತ್ತಾಗುತ್ತದೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ ಹಾಗಲ್ಲ. ಅದು ಸಲೀಸಾಗಿ ಹೊರಡುತ್ತದೆ, ಸಲೀಸಾಗಿ ವೇಗ ಹಿಡಿಯುತ್ತದೆ, ರಸ್ತೆ ಪರವಾಗಿಲ್ಲ ಅನ್ನಿಸಿಬಿಡುತ್ತದೆ, ಬ್ರೇಕ್ ಒತ್ತಿದಾಗಲೇ ನಿಜ ಗೊತ್ತಾಗುವುದು. ಬ್ರೇಕ್ ಹಾಕುವಾಗ ಆ ಕಾರಿಗೂ ನಾಲ್ಕೇ ಟೈರ್, ನಿಮ್ಮದಕ್ಕೂ ನಾಲ್ಕೇ ಟೈರ್. ಆದ್ದರಿಂದ ನಿಮ್ಮ ಕಾರು ಹೊರಡಲು ಕಷ್ಟಪಟ್ಟರೆ ಬೇಜಾರಾಗಬೇಡಿ. ಅದು ನಿಮಗೆ ಬೇಕಾದ ಮಾಹಿತಿ ಕೊಡುತ್ತಿದೆ.

ಎಷ್ಟು ಜಾರುತ್ತದೆ ಎಂಬ ಅಂದಾಜು ಇರಲಿ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತವನ್ನು ಸುಮಾರು 0.8 ಎಂದು ಲೆಕ್ಕ ಹಾಕಿದರೆ, ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ ಅದು 0.2ರ ಆಸುಪಾಸು, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತ ಕಡಿಮೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಪೂರ್ತಿ ಬ್ರೇಕ್ ಹಾಕಿದರೆ ಒಣ ರಸ್ತೆಯಲ್ಲಿ 12 ಮೀಟರಿನಲ್ಲಿ ನಿಲ್ಲುವ ಕಾರು, ಗಟ್ಟಿ ಹಿಮದಲ್ಲಿ 50 ಮೀಟರ್ ಹೋಗುತ್ತದೆ, ಮಂಜುಗಡ್ಡೆಯ ಮೇಲೆ ಹತ್ತಿರ ಹತ್ತಿರ 100 ಮೀಟರ್. ನೀವು ಯೋಚಿಸಿ ಕಾಲು ಎತ್ತುವಷ್ಟರಲ್ಲಿ ಹೋಗುವ ದೂರ ಇದರಲ್ಲಿ ಸೇರಿಲ್ಲ. ಅದೇ ಮಂಜುಗಡ್ಡೆಯ ಮೇಲೆ 30ರಲ್ಲಿ ಹೋಗುತ್ತಿದ್ದರೆ 35 ಮೀಟರ್ ಸಾಕು. ವೇಗ ಸ್ವಲ್ಪ ಇಳಿಸಿದರೂ ನಿಲ್ಲುವ ದೂರ ಬಹಳ ಇಳಿಯುತ್ತದೆ, ಯಾಕೆಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ.

ಟೈರ್: ದುಡ್ಡು ಹಾಕಬೇಕಾದ ಜಾಗ ಇದೊಂದೇ

ಡ್ರೈವಿಂಗ್ ಕೌಶಲ ಆಮೇಲೆ. ಬೇಸಿಗೆ ಟೈರ್ ಹಾಕಿಕೊಂಡು ಹಿಮದಲ್ಲಿ ಎಷ್ಟು ನಾಜೂಕಾಗಿ ಓಡಿಸಿದರೂ ಪ್ರಯೋಜನವಿಲ್ಲ. ಪವರ್ ಜಾಸ್ತಿ ಇರುವ ಕಾರುಗಳಿಗೆ ಕಂಪನಿಯಿಂದಲೇ ಬರುವ ಅಗಲ ಟೈರ್‌ಗಳ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಹಿಮ ಬೀಳುವ ಹೊತ್ತಿಗೆ ಅದು ಪ್ಲಾಸ್ಟಿಕ್ ಆಟಿಕೆಯ ಚಕ್ರದಂತೆ ಆಗಿರುತ್ತದೆ. ರೇಸ್ ಟ್ರ್ಯಾಕಿಗೆ ಹತ್ತಿರದ ಕೆಲವು ಬೇಸಿಗೆ ಟೈರ್‌ಗಳು ಕೊರೆಯುವ ಚಳಿಯಲ್ಲಿ ಓಡಿಸಿದರೆ ಬಿರುಕು ಬಿಡಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ.

ಚಳಿಗಾಲದ ಟೈರ್ ಕೊಳ್ಳುವಾಗ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಚಿತ್ರ ಇದೆಯಾ ನೋಡಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಆ ಗುರುತು. ಬರೀ 'ಎಂ ಪ್ಲಸ್ ಎಸ್' ಎಂದು ಬರೆದಿದ್ದರೆ ಅದಕ್ಕೆ ಅಂಥ ಪರೀಕ್ಷೆಯ ಬಲ ಇಲ್ಲ, ಅದನ್ನು ನಂಬಿಕೊಳ್ಳಬೇಡಿ. ಅಚ್ಚಿನ ಆಳ ಹೊಸದರಲ್ಲಿ ಸುಮಾರು 8 ಮಿ.ಮೀ. ಇರುತ್ತದೆ, 4ಕ್ಕೆ ಇಳಿದರೆ ಹಿಮಕ್ಕೆ ಆ ಟೈರ್ ಮುಗಿಯಿತು ಅಂದುಕೊಳ್ಳಿ. ಅನೇಕ ದೇಶಗಳ ಕಾನೂನು 1.6 ಮಿ.ಮೀ. ಸಾಕು ಎನ್ನುತ್ತದೆ, ಹಿಮ ಹಾಗೆ ಎನ್ನುವುದಿಲ್ಲ. ವಯಸ್ಸನ್ನೂ ನೋಡಿ. ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿ 3523 ಎಂದಿದ್ದರೆ ಅದು 2023ರ 35ನೇ ವಾರ ತಯಾರಾದದ್ದು.

ನಾಲ್ಕೂ ಟೈರ್ ಬದಲಿಸಲೇಬೇಕು. ಪವರ್ ಹೋಗುವುದು ಹಿಂದಕ್ಕೆ ತಾನೇ, ಹಿಂದೆ ಎರಡು ಹಾಕಿದರೆ ಸಾಕು ಎಂದು ಉಳಿಸಲು ಹೋಗುವವರಿದ್ದಾರೆ. ಹಾಗೆ ಮಾಡಿದರೆ ಕಾರು ಚೆನ್ನಾಗಿ ಹೊರಡುತ್ತದೆ, ಆದರೆ ತಿರುಗುವುದಿಲ್ಲ, ನಿಲ್ಲುವುದಿಲ್ಲ, ಯಾಕೆಂದರೆ ತಿರುಗಿಸುವುದು ಮುಂದಿನ ಚಕ್ರ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಅದೇ.

ಅಗಲದ ಬಗ್ಗೆ ಒಂದು ಮಾತು. ಸಾಧ್ಯವಾದರೆ ಚಳಿಗಾಲಕ್ಕೆ ಸಣ್ಣ ರಿಮ್ಮು, ಕಿರಿದಾದ ಟೈರ್ ಹಾಕಿಸಿ. ಸಡಿಲ ಹಿಮದಲ್ಲಿ ಅಗಲ ಟೈರ್ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಆದರೆ ದೊಡ್ಡ ಬ್ರೇಕ್ ಇರುವ ಕಾರಿಗೆ ಯಾವ ಅಳತೆಯ ರಿಮ್ಮು ಕೂರುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲೇ ನೋಡಬೇಕು, ಅಂದಾಜಿನ ಮೇಲೆ ಕೊಳ್ಳಬೇಡಿ. ಹಿಮದ ಸರಪಳಿಯೂ ಹಾಗೇ. ರಿಯರ್ ವೀಲ್ ಡ್ರೈವಿಗೆ ಸರಪಳಿ ಹಾಕುವುದು ಹಿಂದಿನ ಚಕ್ರಕ್ಕೆ, ವೇಗ 50 ಕಿ.ಮೀ. ದಾಟಬಾರದು, ಅಗಲ ಟೈರಿನ ಪಕ್ಕದಲ್ಲಿ ಅದಕ್ಕೆ ಜಾಗವೇ ಇರದ ಕಾರುಗಳಿವೆ. ಮನೆಯಲ್ಲಿ ಬೆಳಕಿರುವಾಗ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ ಮೊದಲ ಸಲ ಕಲಿಯುವ ಕೆಲಸ ಅಲ್ಲ ಅದು. ಮೊಳೆ ಇರುವ ಟೈರ್ ಮಂಜುಗಡ್ಡೆಯ ಮೇಲೆ ಬೇರೆ ಟೈರ್‌ಗಳಿಗಿಂತ ಚೆನ್ನಾಗಿ ಹಿಡಿಯುತ್ತದೆ. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಚಳಿಗಾಲದಲ್ಲಿ ಅದಕ್ಕೆ ಅನುಮತಿ ಇದೆ, ಜರ್ಮನಿಯಲ್ಲಿ ಸಾಮಾನ್ಯವಾಗಿ ಇಲ್ಲ. ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ.

ಗಾಳಿ ಮರೆಯಬೇಡಿ. ಪ್ರತಿ 5-6 ಡಿಗ್ರಿ ಇಳಿದಂತೆ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ತುಂಬಿಸಿದ ಗಾಳಿ ಮೈನಸ್ 5ರಲ್ಲಿ 5 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಹಿಡಿತ ಸಿಗಲಿ ಎಂದು ಬೇಕಂತಲೇ ಗಾಳಿ ಇಳಿಸಿ ರಸ್ತೆಗೆ ಹೋಗುವುದೂ ಬೇಡ, ತಣ್ಣಗಿರುವ ಟೈರಿನಲ್ಲಿ ಕೈಪಿಡಿ ಹೇಳಿದಷ್ಟು ಇಟ್ಟುಕೊಳ್ಳಿ.

ಹೊರಡುವ ಮುಂಚೆ

ಮುಂದೆ ಎಂಜಿನ್ ಇರುವ ಕಾರಿನಲ್ಲಿ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ. ಡಿಕ್ಕಿಯಲ್ಲಿ ಮರಳಿನ ಚೀಲ ಹಾಕುವ ಹಳೇ ಉಪಾಯ ಈಗಲೂ ಕೆಲಸ ಮಾಡುತ್ತದೆ, 40-50 ಕೆ.ಜಿ. ಸಾಕು. ಆದರೆ ಅದು ಹಿಂದಿನ ಆಕ್ಸಲ್‌ನ ಮೇಲೆ ಅಥವಾ ಅದಕ್ಕೂ ಸ್ವಲ್ಪ ಮುಂದೆ ಇರಬೇಕು. ಬಂಪರಿನ ಪಕ್ಕಕ್ಕೆ ತಳ್ಳಿಟ್ಟರೆ ಕಾರಿನ ಬಾಲ ಲೋಲಕದಂತೆ ಬೀಸುತ್ತದೆ, ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಕಟ್ಟಿ ಭದ್ರ ಮಾಡಿ, ಸಡಿಲವಾಗಿದ್ದರೆ ಅಪಘಾತದಲ್ಲಿ ಅದೇ ಬಂದು ಹೊಡೆಯುತ್ತದೆ. ಒಳ್ಳೆಯ ಟೈರ್ ಇದ್ದರೆ ಇದು ಬೇಕೇ ಬೇಕು ಅಂತೇನಿಲ್ಲ. ಮರಳಿನ ಒಂದು ಲಾಭ ಏನೆಂದರೆ ಸಿಕ್ಕಿಕೊಂಡಾಗ ಚಕ್ರದ ಕೆಳಗೆ ಚೆಲ್ಲಬಹುದು. ಎಂಜಿನ್ ಹಿಂದೆಯೇ ಇರುವ ಕಾರಾದರೆ ಈ ಚಿಂತೆ ಇಲ್ಲ, ಅದು ಹೊರಡುವುದರಲ್ಲಿ ಜಾಣ, ಅದರ ಕಷ್ಟ ಮೂತಿ ತಿರುಗಿಸುವುದರಲ್ಲಿ.

ಕಾರಿನ ಮೇಲಿನ ಹಿಮವನ್ನು ಪೂರ್ತಿ ತೆಗೆಯಿರಿ. ಗಾಜಿನಲ್ಲಿ ಒಂದು ಕಿಂಡಿ ಮಾಡಿಕೊಂಡು ಹೊರಡುವುದು ಅಪಾಯ, ಮಾಡಿನ ಮೇಲಿನ ಹಿಮ ಬ್ರೇಕ್ ಹಾಕಿದಾಗ ಪೂರ್ತಿ ಮುಂದಿನ ಗಾಜಿನ ಮೇಲೆ ಜಾರಿ ಬರುತ್ತದೆ. ಎಲ್‌ಇಡಿ ಹೆಡ್‌ಲೈಟ್ ಹಳೇ ಬಲ್ಬಿನಷ್ಟು ಬಿಸಿಯಾಗುವುದಿಲ್ಲ, ಹಿಮ ಕರಗಿಸುವುದಿಲ್ಲ, ಅದನ್ನೂ ಒರೆಸಿ. ಶೂ ತಳದ ಹಿಮ ಕೊಡವಿ ಹತ್ತಿ. ಪೆಡಲ್ ಮೇಲೆ ಕಾಲು ಜಾರಿದರೆ ಮುಂದೆ ಹೇಳುವ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಹೊರಡುವುದು

ಸ್ಪೋರ್ಟ್ ಮೋಡ್ ತೆಗೆದುಬಿಡಿ. ಹಿಮದ ಮೋಡ್ ಇದ್ದರೆ ಹಾಕಿ, ಇಲ್ಲದಿದ್ದರೆ ಆರಾಮದ ಮೋಡ್. ಅದು ಮಾಡುವ ಕೆಲಸ ಸರಳ. ಆಕ್ಸಿಲರೇಟರಿನ ಮೊದಲ ಅರ್ಧವನ್ನು ಮೆತ್ತಗೆ ಮಾಡುತ್ತದೆ, ನಿಮ್ಮ ಕಾಲಿಗೆ ಆಟವಾಡಲು ಜಾಗ ಸಿಗುತ್ತದೆ.

ಎರಡನೇ ಗೇರಿನಲ್ಲಿ ಹೊರಡಿ. ಮೊದಲ ಗೇರ್ ಎಂಜಿನ್ನಿನ ಬಲವನ್ನು ಜಾಸ್ತಿ ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ, ಇಲ್ಲಿ ನಮಗೆ ಬೇಕಿರುವುದು ಅದರ ಉಲ್ಟಾ. ಮ್ಯಾನುಯಲ್ ಆದರೆ ಕ್ಲಚ್ಚನ್ನು ನಿಧಾನ ಬಿಡಿ, ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ ಐಡಲ್‌ನಲ್ಲೇ ಹೊರಡಲು ಪ್ರಯತ್ನಿಸಿ. ದೊಡ್ಡ ಎಂಜಿನ್ನುಗಳಿಗೆ ಅಷ್ಟು ಬಲ ಇರುತ್ತದೆ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರ್ ಆರಿಸಿ, ಬ್ರೇಕಿನಿಂದ ಕಾಲು ಎತ್ತಿ, ಕಾರು ತಾನಾಗಿ ತೆವಳಲು ಬಿಡಿ. ಸ್ಟೀರಿಂಗ್ ನೇರ ಇರಲಿ. ತಿರುಗಿಸಿಟ್ಟ ಮುಂದಿನ ಚಕ್ರ ಹಿಮಕ್ಕೆ ಅಡ್ಡವಾಗಿ ನಿಂತು ಕಾರನ್ನು ತಡೆಯುತ್ತದೆ, ಅದನ್ನು ತಳ್ಳಲು ಹಿಂದಿನ ಚಕ್ರ ಇನ್ನಷ್ಟು ಒದ್ದಾಡಬೇಕಾಗುತ್ತದೆ.

ಜಾರಿತಾ? ಕಾಲು ಇನ್ನೂ ಹಗುರ ಮಾಡಿ. ಎಲ್ಲರ ಕೈಕಾಲಿಗೂ ತಾನಾಗಿ ಬರುವುದು ಇನ್ನೂ ಒತ್ತುವ ಬುದ್ಧಿ, ಅದೇ ತಪ್ಪು. ಗಿರಗಿರ ತಿರುಗುವ ಚಕ್ರ ಕೆಳಗಿನ ಹಿಮವನ್ನು ಕರಗಿಸಿ ಉಜ್ಜಿ ಗಾಜು ಮಾಡುತ್ತದೆ, ಎರಡು ನಿಮಿಷದ ಹಿಂದೆ ಇದ್ದ ಹಿಡಿತವೂ ಹೋಗಿರುತ್ತದೆ. ನಿಧಾನವಾಗಿ ಉರುಳುವ ಚಕ್ರವೇ ಕಾರನ್ನು ಎಳೆಯುವುದು.

ಟರ್ಬೊ ಇರುವವರು ಒಂದು ವಿಷಯ ತಿಳಿದಿರಬೇಕು. ಕೆಳಗಿನ ಆರ್‌ಪಿಎಂನಲ್ಲಿ ಒತ್ತಿದರೆ ಒಂದು ಕ್ಷಣ ಏನೂ ಬರುವುದಿಲ್ಲ, ನೀವು ಇನ್ನಷ್ಟು ಒತ್ತುತ್ತೀರಿ, ಆಮೇಲೆ ಎಲ್ಲಾ ಒಟ್ಟಿಗೆ ಬರುತ್ತದೆ, ಅಷ್ಟರಲ್ಲಿ ಹಿಂಭಾಗ ಪಕ್ಕಕ್ಕೆ ಹೋಗಿರುತ್ತದೆ. ಒತ್ತಿದ ಮೇಲೆ ಕಾಯಿರಿ. ಆಟೋಮ್ಯಾಟಿಕ್‌ನವರಿಗೆ ಇದೇ ಥರದ ಇನ್ನೊಂದು ಗಂಡಾಂತರ ಕಿಕ್‌ಡೌನ್. ತಿರುವಿನ ನಡುವೆ, ಇಲ್ಲವೇ ಓವರ್‌ಟೇಕ್ ಮಾಡುವಾಗ ಪೆಡಲ್ ಒಂದು ಹಂತ ದಾಟಿದರೆ ಗೇರ್‌ಬಾಕ್ಸ್ ಎರಡು ಗೇರ್ ಇಳಿಸುತ್ತದೆ. ಹಿಮದಲ್ಲಿ ಅದಕ್ಕಿಂತ ಕೆಟ್ಟ ಅಚ್ಚರಿ ಇಲ್ಲ. ಮ್ಯಾನುಯಲ್ ಮೋಡಿನಲ್ಲಿ ಎತ್ತರದ ಗೇರಿನಲ್ಲಿದ್ದರೆ ಈ ಭಯ ಬಹಳ ಮಟ್ಟಿಗೆ ಹೋಗುತ್ತದೆ.

ಎಲೆಕ್ಟ್ರಾನಿಕ್ಸ್ ಆಫ್ ಮಾಡಬೇಕಾ?

ರಸ್ತೆಯಲ್ಲಿ ಬೇಡ. ಕಾರು ಅಡ್ಡ ತಿರುಗದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿಯನ್ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯ. ಅದು ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಬಲ್ಲದು, ನಿಮ್ಮ ಕಾಲಿಗೆ ಅದು ಸಾಧ್ಯವಿಲ್ಲ. ಎಷ್ಟು ಅನುಭವ ಇದ್ದರೂ ಆನ್ ಇರಲಿ.

ಆದರೆ ಪವರ್ ಕೊಟ್ಟಾಗ ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಬೇರೆ. ದಪ್ಪ ಹಿಮದಲ್ಲಿ ನಿಂತಲ್ಲಿಂದ ಏಳಲು ಚಕ್ರ ಸ್ವಲ್ಪ ಜಾರುವುದು ಬೇಕಾಗುತ್ತದೆ. ಜಾರಿದ ಕೂಡಲೇ ಅದು ಎಂಜಿನ್ ಉಸಿರು ಕಟ್ಟಿಸಿ ಕಾರನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ಆಗ ಬಟನ್ ಒಮ್ಮೆ ಸುಮ್ನೆ ಒತ್ತಿ. ಬಹಳಷ್ಟು ಕಾರುಗಳಲ್ಲಿ ಹಾಗೆ ಒತ್ತಿದರೆ ಅರ್ಧ ಸಡಿಲವಾಗುತ್ತದೆ, ಹಿಡಿದುಕೊಂಡರೆ ಮಾತ್ರ ಪೂರ್ತಿ ಆಫ್. ಅರ್ಧ ಸಾಕು. ಕಾರು ಹೊರಟ ಮೇಲೆ ಮತ್ತೆ ಆನ್ ಮಾಡಿ.

ಡ್ಯಾಶ್‌ಬೋರ್ಡಿನಲ್ಲಿ ಸ್ಟೆಬಿಲಿಟಿ ಕಂಟ್ರೋಲಿನ ಹಳದಿ ದೀಪ ಮಿನುಗಿದರೆ ಅದೂ ಹಿಂದಿನ ಚಕ್ರದ ಮಾತೇ. ಈಗಷ್ಟೇ ಹಿಡಿತದ ಅಂಚು ಮುಟ್ಟಿದಿರಿ ಎಂದು ಹೇಳುತ್ತಿದೆ. ಪದೇ ಪದೇ ಮಿನುಗುತ್ತಿದ್ದರೆ ವೇಗ ಇಳಿಸಿ. ಕ್ರೂಸ್ ಕಂಟ್ರೋಲ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಜಾರುವ ರಸ್ತೆಯಲ್ಲಿ ವೇಗ ಹಿಡಿಯಲು ಅದು ತಾನಾಗಿ ಪವರ್ ಕೊಡುತ್ತದೆ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಬಲ ಪೂರ್ತಿ ಜಾರುವ ಚಕ್ರಕ್ಕೇ ಹೋಗದಂತೆ ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಗೇರು) ಇದ್ದರೆ ಹೊರಡುವುದು ಸುಲಭ, ಒಂದು ಚಕ್ರ ಜಾರಿದರೂ ಇನ್ನೊಂದು ತಳ್ಳುತ್ತದೆ. ಆದರೆ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಪಕ್ಕಕ್ಕೆ ಹಿಡಿದುಕೊಳ್ಳಲು ಯಾವುದೂ ಉಳಿಯುವುದಿಲ್ಲ. ರಸ್ತೆ ಒಂದು ಕಡೆಗೆ ಇಳಿಜಾರಾಗಿದ್ದರೆ ಬಾಲ ಮೆಲ್ಲಗೆ ಆ ಕಡೆಗೆ ಜಾರಿಕೊಂಡು ಹೋಗುತ್ತದೆ.

ತಿರುವು, ಮತ್ತು ಹಿಂಭಾಗ ಜಾರಿದಾಗ

ಟೈರಿಗೆ ಇರುವುದು ಒಂದೇ ಜೇಬು. ಬ್ರೇಕ್, ತಿರುವು, ಪವರ್ ಮೂರಕ್ಕೂ ಅದರಿಂದಲೇ ಖರ್ಚು. ಹಿಮದಲ್ಲಿ ಆ ಜೇಬಿನಲ್ಲಿ ಚಿಲ್ಲರೆ ಮಾತ್ರ ಇರುತ್ತದೆ, ಆದ್ದರಿಂದ ಒಂದು ಹೊತ್ತಿಗೆ ಒಂದೇ ಕೆಲಸ. ನೇರ ಇರುವಾಗಲೇ ಬ್ರೇಕ್ ಮುಗಿಸಿ. ಬ್ರೇಕ್ ಬಿಟ್ಟು ತಿರುಗಿಸಿ. ತಿರುವಿನಲ್ಲಿ ಆಕ್ಸಿಲರೇಟರನ್ನು ಕಾರು ಉರುಳುವಷ್ಟು ಮಾತ್ರ ಹಿಡಿದಿರಿ. ಸ್ಟೀರಿಂಗ್ ನೇರಕ್ಕೆ ಬಂದ ಮೇಲೆ ಪವರ್ ಕೊಡಿ.

ಎರಡು ಥರ ಜಾರುತ್ತದೆ. ಒಂದು, ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುವುದು. ರಿಯರ್ ವೀಲ್ ಡ್ರೈವಿನಲ್ಲಿ ಇದು ಆಗುವುದಿಲ್ಲ ಅಂದುಕೊಂಡಿರುತ್ತಾರೆ, ಆದರೆ ಹಿಮದಲ್ಲಿ ಮೊದಲು ಆಗುವುದು ಬಹುಪಾಲು ಇದೇ. ಇನ್ನೂ ತಿರುಗಿಸಬೇಡಿ, ಸ್ವಲ್ಪ ಬಿಚ್ಚಿ. ಕಾಲು ಮೆಲ್ಲಗೆ ಎತ್ತಿ. ಚಕ್ರ ಮತ್ತೆ ಉರುಳಲು ಶುರುವಾದಾಗ ಕೈಗೆ ಗೊತ್ತಾಗುತ್ತದೆ, ಸ್ಟೀರಿಂಗಿಗೆ ತೂಕ ವಾಪಸ್ ಬರುತ್ತದೆ.

ಎರಡನೆಯದು ನಿಮ್ಮ ಕಾರಿನ ಸ್ವಭಾವ, ಬಾಲ ಹೊರಗೆ ಹೋಗುವುದು. ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿರಲಿ. ಮರ, ಕಂಬ, ಎದುರು ಬರುವ ಲಾರಿ, ಇವನ್ನು ದಿಟ್ಟಿಸಿದರೆ ಕೈಯೂ ಅತ್ತಲೇ ಹೋಗುತ್ತದೆ. ಬಾಲ ಬಲಕ್ಕೆ ಹೋದರೆ ಸ್ಟೀರಿಂಗ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಅಂದರೆ ಕಾರು ಯಾವ ಕಡೆ ಮೂತಿ ಮಾಡಿದ್ದರೂ ಮುಂದಿನ ಚಕ್ರ ರಸ್ತೆಯ ಕಡೆ ನೋಡುತ್ತಿರಬೇಕು. ಬ್ರೇಕ್ ಮುಟ್ಟಬೇಡಿ.

ಕಾಲಿನ ವಿಷಯದಲ್ಲೇ ಜನ ತಪ್ಪುವುದು. ಪವರ್ ಜಾಸ್ತಿಯಾಗಿ ಜಾರಿದ್ದರೆ ಅದನ್ನು ಕಡಿಮೆ ಮಾಡಬೇಕು, ಆದರೆ ಬೆಂಕಿ ಮುಟ್ಟಿದವರಂತೆ ಫಕ್ಕನೆ ಕಾಲು ತೆಗೆಯಬಾರದು. ಫಕ್ಕನೆ ತೆಗೆದರೆ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಹಗುರಾಗುತ್ತದೆ, ಜೊತೆಗೆ ಎಂಜಿನ್ನಿನ ಎಳೆತ ಹಿಂದಿನ ಚಕ್ರವನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ, ಸಣ್ಣ ಜಾರಿಕೆ ಇದ್ದದ್ದು ದೊಡ್ಡದಾಗುತ್ತದೆ. ಮೆಲ್ಲಗೆ ಇಳಿಸಿ. ಅಷ್ಟು ನಾಜೂಕು ಆ ಕ್ಷಣದಲ್ಲಿ ಬರುವುದಿಲ್ಲ ಅನ್ನಿಸಿದರೆ ಕ್ಲಚ್ ಒತ್ತಿಬಿಡಿ, ಆಟೋಮ್ಯಾಟಿಕ್ ಆದರೆ ನ್ಯೂಟ್ರಲ್. ಚಕ್ರಗಳು ಸ್ವತಂತ್ರವಾಗಿ ಉರುಳಿದರೆ ಸಾಕು, ಅವಕ್ಕೆ ಹಿಡಿತ ತಾನಾಗಿ ಮರಳುತ್ತದೆ.

ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಒತ್ತಿ ಹೇಳದ್ದು ಎರಡನೇ ಜಾರಿಕೆಯ ಬಗ್ಗೆ. ಮೊದಲ ಚಳಿಗಾಲದಲ್ಲಿ ಒಂದು ತಿರುವಿನಲ್ಲಿ ನನ್ನ ಕಾರಿನ ಬಾಲ ಎಡಕ್ಕೆ ಹೋಯಿತು, ಸ್ಟೀರಿಂಗ್ ಎಡಕ್ಕೆ ಕೊಟ್ಟೆ, ಸರಿಯಾಗಿ ಹಿಡಿದೆ. ಹಿಡಿದೆ ಎಂಬ ಸಮಾಧಾನದಲ್ಲಿ ಕೈ ಅಲ್ಲೇ ನಿಂತುಬಿಟ್ಟಿತು. ಅಷ್ಟರಲ್ಲಿ ಹಿಂದಿನ ಟೈರ್‌ಗೆ ಹಿಡಿತ ಸಿಕ್ಕಿತು, ಮುಂದಿನ ಚಕ್ರ ಇನ್ನೂ ಎಡಕ್ಕೇ ನೋಡುತ್ತಿತ್ತು, ಕಾರು ಮೊದಲಿಗಿಂತ ಜೋರಾಗಿ ಉಲ್ಟಾ ಕಡೆಗೆ ಬೀಸಿ ರಸ್ತೆ ಬದಿಯ ಹಿಮದ ರಾಶಿಗೆ ಹೋಗಿ ನಿಂತಿತು. ಎದುರಿಗೆ ಯಾರೂ ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮೈ ಜುಂ ಎನ್ನುತ್ತದೆ. ಆದ್ದರಿಂದ ಕೊಟ್ಟಷ್ಟೇ ಬೇಗ ಸ್ಟೀರಿಂಗ್ ವಾಪಸ್ ತರಬೇಕು. ಬಾಲ ಮರಳಲು ಶುರುವಾದ ಕೂಡಲೇ, ಅದು ಪೂರ್ತಿ ನೇರವಾಗುವ ಮುಂಚೆಯೇ ಕೈ ಬಿಚ್ಚತೊಡಗಬೇಕು. ಸೊಂಟಕ್ಕೆ ಇದು ಕಣ್ಣಿಗಿಂತ ಮೊದಲು ಗೊತ್ತಾಗುತ್ತದೆ, ಅದಕ್ಕೇ ಸೀಟಿನಲ್ಲಿ ಬೆನ್ನು ಒತ್ತಿ ಕೂತಿರಬೇಕು, ದಪ್ಪ ಜಾಕೆಟ್ ತೆಗೆದಿಟ್ಟು ಬೆಲ್ಟ್ ಹಾಕಿಕೊಂಡಿರಬೇಕು.

ಕೈ ಮೀರಿ ಪೂರ್ತಿ ಸುತ್ತುತ್ತಿದೆ ಅಂದರೆ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿ ಹಿಡಿದುಬಿಡಿ. ನಿಲ್ಲುವ ಮುಂಚೆ ಬಿಟ್ಟರೆ ಕಾರು ಯಾವ ದಿಕ್ಕಿಗೆ ಹಾರುತ್ತದೆ ಹೇಳಲಾಗದು.

ಇದನ್ನೆಲ್ಲಾ ಓದಿ ಕಲಿಯಲಾಗುವುದಿಲ್ಲ ಅಲ್ವಾ. ನಾರ್ವೆ ಮತ್ತು ಫಿನ್‌ಲೆಂಡ್‌ಗಳಲ್ಲಿ ಲೈಸೆನ್ಸ್ ಪಡೆಯುವವರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ನಿಮ್ಮ ಹತ್ತಿರ ಅಂಥ ತರಬೇತಿ ಸಿಕ್ಕರೆ ಒಂದು ದಿನ ಖರ್ಚು ಮಾಡಿ. ಇಲ್ಲದಿದ್ದರೆ ಅನುಮತಿ ಕೇಳಿ, ಕಂಬ, ಕಟ್ಟೆ ಇಲ್ಲದ ಖಾಲಿ ಬಯಲಿನಲ್ಲಿ 20-30 ಕಿ.ಮೀ. ವೇಗದಲ್ಲಿ ಬೇಕಂತಲೇ ಜಾರಿಸಿ, ಹಿಡಿದು, ಮತ್ತೆ ಜಾರಿಸಿ. ಬ್ರೇಕನ್ನು ಪೂರ್ತಿ ಒತ್ತಿ ಎಬಿಎಸ್ (ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಪೆಡಲನ್ನು ಹೇಗೆ ನಡುಗಿಸುತ್ತದೆ ಎಂದು ಕಾಲಿಗೆ ಪರಿಚಯ ಮಾಡಿಸಿ. ಮೊದಲ ಸಲ ಅದನ್ನು ಅನುಭವಿಸಿದವರು ಏನೋ ಮುರಿಯಿತೆಂದು ಹೆದರಿ ಕಾಲು ಎತ್ತಿಬಿಡುತ್ತಾರೆ, ನಿಜವಾದ ತುರ್ತಿನಲ್ಲಿ ಹಾಗಾಗಬಾರದು.

ಬ್ರೇಕ್, ಇಳಿಜಾರು, ಏರು

ಮುಂದಿನ ವಾಹನದಿಂದ 8-10 ಸೆಕೆಂಡಿನ ಅಂತರ ಇಟ್ಟುಕೊಳ್ಳಿ. ಹಿಂದಿನವರು ಅವಸರ ಮಾಡಿದರೆ ದಾರಿ ಕೊಟ್ಟುಬಿಡಿ. ಎಬಿಎಸ್ ಇದ್ದರೆ ತುರ್ತಿನಲ್ಲಿ ಪೂರ್ತಿ ಒತ್ತಿ ಹಿಡಿದು ಸ್ಟೀರಿಂಗಿನಿಂದ ದಾರಿ ಹುಡುಕಿ. ಇಲ್ಲದ ಹಳೇ ಕಾರಾದರೆ ಒತ್ತಿ, ಚಕ್ರ ಕಚ್ಚಿಕೊಂಡರೆ ಬಿಡಿ, ಮತ್ತೆ ಒತ್ತಿ.

ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಉಪಯೋಗಿಸಿ ಎಂದು ಎಲ್ಲಾ ಕಡೆ ಬರೆದಿರುತ್ತದೆ. ರಿಯರ್ ವೀಲ್ ಡ್ರೈವಿಗೆ ಈ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ. ಎಂಜಿನ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರವನ್ನು ಮಾತ್ರ, ಇಳಿಜಾರಿನಲ್ಲಿ ಅವೇ ಹಗುರಾಗಿರುತ್ತವೆ. ದೊಡ್ಡ ಎಂಜಿನ್ನಿನಲ್ಲಿ ಫಟ್ಟನೆ ಗೇರ್ ಇಳಿಸಿ ಕ್ಲಚ್ ಬಿಟ್ಟರೆ ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಹಾಗೇ ಆಗುತ್ತದೆ. ನಾನು ಮಾಡುವುದು ಹೀಗೆ: ಇಳಿಜಾರು ಶುರುವಾಗುವ ಮುಂಚೆಯೇ ಸಮತಟ್ಟಿನಲ್ಲಿ ವೇಗವನ್ನು ಚೆನ್ನಾಗಿ ಇಳಿಸಿ, ಎರಡು ಅಥವಾ ಮೂರನೇ ಗೇರಿನಲ್ಲಿ ಬಿಟ್ಟು, ಅದರ ಮೇಲೆ ಕಾಲಿನ ಬ್ರೇಕನ್ನು ಹಗುರಾಗಿ ಹಿಡಿಯುತ್ತೇನೆ, ಆಗ ಕೆಲಸ ನಾಲ್ಕು ಚಕ್ರಕ್ಕೂ ಹಂಚಿಹೋಗುತ್ತದೆ.

ಹಿಂದಿನ ಚಕ್ರಕ್ಕೆ ಮೋಟರ್ ಇರುವ ಎಲೆಕ್ಟ್ರಿಕ್ ಕಾರಿನವರಿಗೆ ಇದು ಇನ್ನೂ ಮುಖ್ಯ. ಕಾಲು ಎತ್ತಿದ ಕೂಡಲೇ ಬ್ಯಾಟರಿಗೆ ಚಾರ್ಜ್ ತುಂಬುವ ಆ ಎಳೆತ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಜಾರಿದರೆ ಕಾರು ಅದನ್ನು ತಾನೇ ಕಡಿಮೆ ಮಾಡುತ್ತದೆ, ನಿಜ, ಆದರೂ ಮೆನುವಿನಲ್ಲಿ ಅದನ್ನು ಕೆಳಗಿನ ಮಟ್ಟಕ್ಕೆ ಇಟ್ಟು ಹೊರಡುವುದು ಒಳ್ಳೆಯದು.

ಏರಿನಲ್ಲಿ ರಿಯರ್ ವೀಲ್ ಡ್ರೈವಿಗೆ ಒಂದು ಅನುಕೂಲ ಇದೆ, ಭಾರ ಹಿಂದಕ್ಕೆ ವಾಲುತ್ತದೆ, ಪವರ್ ಇರುವ ಚಕ್ರದ ಮೇಲೇ ಕೂರುತ್ತದೆ. ಆದರೆ ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಆದ್ದರಿಂದ ಮುಂದಿನ ಕಾರು ತುದಿ ಮುಟ್ಟುವವರೆಗೆ ಕೆಳಗೇ ಕಾಯಿರಿ. ಸಮತಟ್ಟಿನಲ್ಲಿ ಬೇಕಾದ ವೇಗ ಹಿಡಿದು, ಏರಿನ ಉದ್ದಕ್ಕೂ ಕಾಲು ಅಲುಗಿಸದೆ ಹೋಗಿ. ಹಿಂದಿನ ಚಕ್ರ ಜಾರತೊಡಗಿದರೆ ಸ್ವಲ್ಪ ಬಿಡಿ, ವೇಗ ಕಳೆದುಕೊಂಡರೂ ಪರವಾಗಿಲ್ಲ. ಉಜ್ಜಿ ನುಣುಪಾದ ಚಕ್ರದ ಜಾಡಿಗಿಂತ ಪಕ್ಕದ ಮುಟ್ಟದ ಹಿಮದಲ್ಲಿ ಹಿಡಿತ ಜಾಸ್ತಿ ಸಿಗುವುದೂ ಉಂಟು.

ಕಾಣದ ಮಂಜುಗಡ್ಡೆ

ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆಯೇ ಎಲ್ಲಕ್ಕಿಂತ ಅಪಾಯ, ಮೇಲೆ ನೀರಿನ ಪದರ ಇರುತ್ತದೆ. ಮೈನಸ್ 15ರಲ್ಲಿ ಅದೇ ಮಂಜುಗಡ್ಡೆ ಒಣಗಿರುತ್ತದೆ, ಹಿಡಿತ ಸ್ವಲ್ಪ ಜಾಸ್ತಿ. ಆದ್ದರಿಂದ ಕಾರಿನ ಥರ್ಮಾಮೀಟರ್ 3 ಡಿಗ್ರಿ ತೋರಿಸಿದಾಗಲೇ ಎಚ್ಚರಾಗಿ, ಅದು ಅಳೆಯುವುದು ಗಾಳಿಯನ್ನು, ರಸ್ತೆಯನ್ನಲ್ಲ. ಸೇತುವೆಯ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಮರದ ನೆರಳು, ತಗ್ಗು, ಎಲ್ಲರೂ ಬ್ರೇಕ್ ಹಾಕಿ ಹಾಕಿ ಉಜ್ಜಿದ ಸಿಗ್ನಲ್ಲಿನ ಮುಂದಿನ ಜಾಗ, ಇವೂ ಹಾಗೇ. ಉಪ್ಪು ಚೆಲ್ಲಿದ್ದಾರೆ ಎಂದು ಧೈರ್ಯ ಮಾಡಬೇಡಿ, ಮೈನಸ್ 10ಕ್ಕಿಂತ ಕೆಳಗೆ ಅದರ ಕೆಲಸ ಬಹಳ ನಿಧಾನ.

ರಸ್ತೆ ಒದ್ದೆಯಾಗಿ ಕಾಣುತ್ತಿದೆ, ಆದರೆ ಮುಂದಿನ ಕಾರಿನ ಚಕ್ರದಿಂದ ನೀರು ಹಾರುತ್ತಿಲ್ಲ, ಟೈರಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು, ಸ್ಟೀರಿಂಗ್ ಹಗುರಾಯಿತು ಅಂದರೆ ನೀವು ಅದರ ಮೇಲೇ ಇದ್ದೀರಿ. ಆಗ ಏನೂ ಮಾಡಬೇಡಿ. ಬ್ರೇಕ್ ಬೇಡ, ತಿರುಗಿಸುವುದು ಬೇಡ, ಕಾಲು ಮೆಲ್ಲಗೆ ಸಡಿಲಿಸಿ ನೇರವಾಗಿ ದಾಟಿ.

ಸಿಕ್ಕಿಕೊಂಡರೆ

ಮೊದಲು ಇಳಿದು ನೋಡಿ. ಹೊಗೆ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿದ್ದರೆ ಬಿಡಿಸಿ, ಇಲ್ಲವಾದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಜನ ಕೂತಲ್ಲೇ ಸಾಯುತ್ತಾರೆ. ಸಹಾಯಕ್ಕೆ ಕಾಯುತ್ತಾ ಹೀಟರ್ ಹಾಕಿ ಕೂರುವುದಾದರೆ ಆಗಾಗ ಇಳಿದು ಮತ್ತೆ ನೋಡುತ್ತಿರಿ.

ಸಲಿಕೆಯಿಂದ ನಾಲ್ಕೂ ಚಕ್ರದ ಮುಂದೆ ಹಿಂದೆ ಬಿಡಿಸಿ, ಕಾರಿನ ಹೊಟ್ಟೆ ಹಿಮದ ಮೇಲೆ ಕೂತಿದ್ದರೆ ಅದನ್ನೂ. ಹಿಂದಿನ ಚಕ್ರದ ಕೆಳಗೆ ಮರಳು ಚೆಲ್ಲಿ. ಸ್ಟೀರಿಂಗ್ ನೇರ ಮಾಡಿ, ಟ್ರಾಕ್ಷನ್ ಕಂಟ್ರೋಲ್ ಸಡಿಲಿಸಿ, ಎರಡನೇ ಗೇರಿನಲ್ಲಿ ಸ್ವಲ್ಪ ಮುಂದೆ, ರಿವರ್ಸಿನಲ್ಲಿ ಸ್ವಲ್ಪ ಹಿಂದೆ, ತೊಟ್ಟಿಲು ತೂಗಿದಂತೆ. ಪ್ರತಿ ಸಲ ಒಂದು ಗೇಣು ಜಾಸ್ತಿ ಹೋದರೆ ಸಾಕು. ಕಾಲಿನ ಕೆಳಗಿನ ಮ್ಯಾಟನ್ನು ಚಕ್ರಕ್ಕೆ ಕೊಡುವುದಾದರೆ ಕಾರಿನ ಹಿಂದೆ ಮುಂದೆ ಯಾರೂ ನಿಲ್ಲಬಾರದು, ಅದು ಗುಂಡಿನಂತೆ ಹಾರುತ್ತದೆ. ಚಕ್ರವನ್ನು ಜೋರಾಗಿ ತಿರುಗಿಸುತ್ತಾ ಕೂರಬೇಡಿ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ನಿಂತಿದ್ದರೆ ಇನ್ನೊಂದು ಎರಡರಷ್ಟು ವೇಗದಲ್ಲಿ ತಿರುಗುತ್ತದೆ, ಗೇರ್‌ಬಾಕ್ಸಿನಿಂದ ವೇಗ ಓದುವ ಕಾರಿನಲ್ಲಿ ಮುಳ್ಳು 40 ತೋರಿಸಿದರೆ ಆ ಟೈರ್ 80ರಲ್ಲಿ ತಿರುಗುತ್ತಿರುತ್ತದೆ. ಟೈರೂ ಹಾಳು, ಗುಂಡಿಯೂ ಆಳ. ಟ್ರಾಕ್ಷನ್ ಕಂಟ್ರೋಲ್ ಇಲ್ಲದ ಹಳೇ ಕಾರಿನಲ್ಲಿ ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಎಳೆದು ಹೊರಟು ನೋಡಬಹುದು, ಜಾರುವ ಚಕ್ರಕ್ಕೆ ತಡೆ ಸಿಕ್ಕಿ ಬಲ ಇನ್ನೊಂದಕ್ಕೆ ಹೋಗುತ್ತದೆ.

ರಾತ್ರಿ ನಿಲ್ಲಿಸುವಾಗ ಮೂತಿ ಹೊರಗೆ ಮಾಡಿ ನಿಲ್ಲಿಸಿ, ಸಾಧ್ಯವಾದರೆ ಹಿಂದಿನ ಚಕ್ರ ಹಿಮ ಬಿಡಿಸಿದ ನೆಲದ ಮೇಲಿರಲಿ. ಕೇಬಲ್ಲಿನ ಹ್ಯಾಂಡ್‌ಬ್ರೇಕ್ ಒದ್ದೆಯಾಗಿದ್ದರೆ ರಾತ್ರಿ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ, ಸಮತಟ್ಟಾದ ಜಾಗವಾದರೆ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಟ್ಟೆ ಕೊಡಿ. ವೈಪರ್ ಎತ್ತಿ ಇಡಿ. ಸಲಿಕೆಯನ್ನು ಡಿಕ್ಕಿಯೊಳಗೆ ಇಡಬೇಡಿ, ಬೆಳಿಗ್ಗೆ ಡಿಕ್ಕಿಯ ಬಾಗಿಲೇ ಹೆಪ್ಪುಗಟ್ಟಿ ತೆಗೆಯಲು ಬರದಿರಬಹುದು.